ಎಡಕ್ಕೆ ಬಿದ್ದ ಸೇವಂತಿಗೆ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಮರಿಸ್ವಾಮಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕಾಲೇಜು ಪ್ರಾಂಶುಪಾಲೆ ರುದ್ರಾಣಿ ಮೇಡಂ ಅವರೇ, ಮುಖ್ಯೋಪಾಧ್ಯಾಯಿನಿ ಭಾನುಪ್ರಿಯಾ ಮೇಡಂ ಅವರೇ, ನನ್ನ ಸಹೋದ್ಯೋಗಿಗಳೇ, ಹಳೆಯ ವಿದ್ಯಾರ್ಥಿಗಳೇ, ಮುಂದೆ ಜಮಖಾನದ ಮೇಲೆ ಕೂತು ಆಗಲೇ ಆಕಳಿಸುತ್ತಿರುವ ಎಂಟನೇ ತರಗತಿಯ ಮಕ್ಕಳೇ, ಮತ್ತು ಸಭಿಕರೇ.

ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಮೈಸೂರು ಪೇಟ ತೊಡಿಸಿದಿರಿ. ಪೇಟ ಒಂದು ಸುತ್ತು ದೊಡ್ಡದು. ಆಗಾಗ ಕಣ್ಣಿನ ಮೇಲೆ ಇಳಿಯುತ್ತದೆ. ಇಳಿಯಲಿ ಬಿಡಿ. ಇವತ್ತು ನನಗೆ ಯಾರ ಮುಖವನ್ನೂ ನೆಟ್ಟಗೆ ನೋಡಿ ಮಾತಾಡುವ ಶಕ್ತಿ ಇಲ್ಲ.

ನಾನು ಭಾಷಣ ಬರೆದುಕೊಂಡು ಬಂದಿದ್ದೆ. ನಾಲ್ಕು ಹಾಳೆ, ಈ ಜೇಬಿನಲ್ಲೇ ಇದೆ. ಮೂವತ್ತನಾಲ್ಕು ವರ್ಷದ ಸೇವೆ, ಅದರಲ್ಲಿ ಕೊನೆಯ ಹದಿನೆಂಟು ವರ್ಷ ಇದೇ ಶಾಲೆ, ನಾನು ಕಂಡ ಮುಖ್ಯೋಪಾಧ್ಯಾಯರು, ನಾನು ಕಂಡ ಸೋರುವ ಮಾಳಿಗೆಗಳು, ಎಲ್ಲವನ್ನೂ ಕ್ರಮವಾಗಿ ಬರೆದಿದ್ದೆ. ಆ ಹಾಳೆಗಳನ್ನು ನಾನು ಓದುವುದಿಲ್ಲ. ಅವುಗಳನ್ನು ಬರೆದ ಮಹಾದೇವಸ್ವಾಮಿ ಬೇರೆ, ಇಲ್ಲಿ ನಿಂತಿರುವ ಮಹಾದೇವಸ್ವಾಮಿ ಬೇರೆ. ಇಬ್ಬರ ನಡುವೆ ಒಂದು ಗಂಟೆ ಕಳೆದಿದೆ, ಅಷ್ಟೆ. ಈ ಒಂದು ಗಂಟೆಯಲ್ಲಿ ಸ್ಟಾಫ್ ರೂಮಿನಲ್ಲಿ ಒಂದು ತಟ್ಟೆ ಉಪ್ಪಿಟ್ಟು ಮುಂದಿಟ್ಟುಕೊಂಡು ನಾನು ಕೇಳಿದ್ದನ್ನು ಇನ್ನೂ ನನ್ನ ಮನಸ್ಸು ನಂಬುತ್ತಿಲ್ಲ.

ಈಗ ತಾನೇ ಹಳೆಯ ವಿದ್ಯಾರ್ಥಿಗಳು ಹಿಂದಿನಿಂದ ಕೂಗಿದರು, "ಸಾ, ಕೊನೇ ಸಲ ಫಾಲ್ ಥ್ರೂ ಏಳಿ ಸಾ!" ಅಂತ. ಎಲ್ಲರೂ ಚಪ್ಪಾಳೆ ಹೊಡೆದಿರಿ. ನಿನ್ನೆ ಕೇಳಿದ್ದರೆ ಕುಣಿದು ಹೇಳುತ್ತಿದ್ದೆ. ಇವತ್ತೂ ಹೇಳುತ್ತೇನೆ, ಹೇಳಲೇಬೇಕು. ಏಕೆಂದರೆ ನಾಡಿದ್ದು ಸೋಮವಾರ ನನ್ನ ಮಗಳು ಗಾನವಿಯ ಮದುವೆ ಆಗುವುದೋ ಇಲ್ಲವೋ ಎಂದು ಹೊಳೆದಡದ ಮಾದಪ್ಪನ ಗುಡಿಯಲ್ಲಿ ಹೂ ಕೇಳುವುದಿದೆ. ಹೂ ಬಲಕ್ಕೆ ಬಿದ್ದರೆ ಮದುವೆ, ಎಡಕ್ಕೆ ಬಿದ್ದರೆ ಇಲ್ಲ. ಹುಡುಗ ಹುಡುಗಿ ಒಪ್ಪಿದ್ದಾರೆ, ಹುಡುಗನ ಮನೆಯವರು ಒಪ್ಪಿದ್ದಾರೆ, ಹೂವೇ ಆಗಬೇಕು ಎಂದು ಪಟ್ಟು ಹಿಡಿದವನು ನಾನು. ಅದಕ್ಕೇ ಗಾನವಿ ನಾಲ್ಕು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಆ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ, ನೋಡಿ. ತಾಲ್ಲೂಕಿನ ಪಶುವೈದ್ಯೆ. ಎಮ್ಮೆಗಳಿಗೆ ಧೈರ್ಯ ಹೇಳುವವಳು, ಅಪ್ಪನಿಗೆ ಒಂದು ಮಾತೂ ಹೇಳುವುದಿಲ್ಲ.

ಇರಲಿ. ಮೊದಲು ಪಾಠ.

ಫಾಲ್ ಅಂದರೆ ಬೀಳುವುದು. ಥ್ರೂ ಅಂದರೆ ಹಾದು, ಮೂಲಕ. ಎರಡನ್ನೂ ಕೂಡಿಸಿಕೊಂಡು "ಹಾದು ಬೀಳುವುದು" ಎಂದು ಬರೆದರೆ ಸೊನ್ನೆ. ರಘು ಎಂಬ ಮಹಾನುಭಾವ ಒಬ್ಬ ಇದ್ದ, "ನಮ್ಮ ತಾತ ಹಗ್ಗದ ಮಂಚದಲ್ಲಿ ಫೆಲ್ ಥ್ರೂ" ಎಂದು ಬರೆದಿದ್ದ. ಅವನು ಇಲ್ಲೇ ಎಲ್ಲೋ ನಗುತ್ತಿದ್ದಾನೆ. ತಾತ ಚೆನ್ನಾಗಿದ್ದಾರೇನಪ್ಪಾ? ಅಲ್ಲ ಮಕ್ಕಳೇ, ಅದು ಹಾಗಲ್ಲ. ಮಾತುಕತೆ ಮುಗಿದು, ದಿನ ಗೊತ್ತಾಗಿ, ಇನ್ನೇನು ಆಯಿತು ಎನ್ನುವಾಗ ಒಂದು ಕೆಲಸ ಆಗದೆ ಹೋಗುತ್ತದಲ್ಲ, ಅದಕ್ಕೆ ಮಾತ್ರ ಈ ಮಾತು. ಪರೀಕ್ಷೆಯಲ್ಲಿ ನಪಾಸಾದವನಿಗೆ ಬಳಸುವಂತಿಲ್ಲ. ಗೋಡೆ ಕುಸಿದರೆ ಬಳಸುವಂತಿಲ್ಲ. ಸೋಮನಾಥಪುರಕ್ಕೆ ಪ್ರವಾಸ ಎಂದು ಬೆಳಿಗ್ಗೆ ಐದಕ್ಕೇ ಎದ್ದು, ಮಕ್ಕಳೆಲ್ಲ ಚಿತ್ರಾನ್ನ ಕಟ್ಟಿಸಿಕೊಂಡು ಈ ಗೇಟಿನ ಮುಂದೆ ನಿಂತು, ಬಸ್ಸಿನವನು ಬಾರದೆ, ಹತ್ತು ಗಂಟೆಗೆ ಅದೇ ಚಿತ್ರಾನ್ನವನ್ನು ಹುಣಸೆಮರದ ಕೆಳಗೆ ತಿಂದೆವಲ್ಲ, ಆಗ ಹೇಳಬೇಕು: ದಿ ಟ್ರಿಪ್ ಫೆಲ್ ಥ್ರೂ. ಮೊದಲು ಒಂದು ಆಸೆ ಹುಟ್ಟಿರಬೇಕು. ಆಸೆ ಇಲ್ಲದ ಕಡೆ ಈ ಮಾತಿಗೆ ಕೆಲಸವೇ ಇಲ್ಲ.

ಇನ್ನೊಂದು ಗುಣ ಹೇಳುತ್ತಿದ್ದೆ, ನೆನಪಿದೆಯೇ? ಇದು ಬಹಳ ಮರ್ಯಾದಸ್ಥ ಮಾತು, ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ, ಯಾರು ಕೆಡಿಸಿದರು ಎಂದು ಚಾಡಿ ಹೇಳುವುದಿಲ್ಲ ಎನ್ನುತ್ತಿದ್ದೆ. ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ಎಷ್ಟು ವರ್ಷ ಹೇಳಿದೆ! ಹೇಳಿ, ಆಮೇಲೆ ಬೋರ್ಡಿನ ಮೇಲೆ ನನ್ನ ಸ್ವಂತ ಉದಾಹರಣೆ ಬರೆಯುತ್ತಿದ್ದೆ. ದಿ ಮ್ಯಾರೇಜ್ ಫೆಲ್ ಥ್ರೂ. ನೀವೆಲ್ಲ "ಯಾರ್ದು ಸಾ? ಯಾರ್ದು?" ಎಂದು ಕೇಳುತ್ತಿದ್ದಿರಿ. ನಾನು ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, "ನಂದೇ ಕಣ್ರಪ್ಪ" ಎನ್ನುತ್ತಿದ್ದೆ.

ಆ ಕಥೆಯನ್ನು ಇವತ್ತು ಕೊನೆಯ ಸಲ ನಾನು ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿದ್ದನ್ನು ಹೇಳುತ್ತೇನೆ.

ಸಾವಿರದ ಒಂಬೈನೂರ ತೊಂಬತ್ತೊಂದು, ಕಾರ್ತಿಕ ಮಾಸ. ನಾನು ನಂಜನಗೂಡು ತಾಲ್ಲೂಕಿನ ಹೆಡತಲೆಯವನು, ಆಗಷ್ಟೇ ಮೇಷ್ಟ್ರ ಕೆಲಸ ಸಿಕ್ಕಿತ್ತು. ಹೊಸ ಕೈಗಡಿಯಾರ, ಹೊಸ ಪ್ಯಾಂಟು. ಈ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಒಂದು ಹುಡುಗಿ ನೋಡಿದೆವು. ಬಿ.ಎ. ಮುಗಿಸಿದ್ದಳು. ನಾವು ಕೂತಿದ್ದಷ್ಟು ಹೊತ್ತೂ ಹುಡುಗಿ ತಲೆ ಎತ್ತಲಿಲ್ಲ. ನಮ್ಮ ಅವ್ವ ವಿಶಾಲಮ್ಮ ದಾರಿಯುದ್ದಕ್ಕೂ ಅದನ್ನೇ ಹೊಗಳಿದಳು. "ಏನ್ ನಾಚ್ಕೆ ಕನಪ್ಪಾ ಆ ಮಗಿಗೆ! ಓದಿದ್ರೂವೆ ಎಂಗದೆ ನೋಡು!" ಎರಡೂ ಮನೆಗೆ ಒಪ್ಪಿಗೆಯಾಯಿತು. ಉಳಿದಿದ್ದು ಮಾದಪ್ಪನ ಒಪ್ಪಿಗೆ.

ನಮ್ಮ ಮನೆತನದಲ್ಲಿ ಮಾದಪ್ಪ ಹೂ ಕೊಡದೆ ಯಾರ ಮದುವೆಯೂ ಗೊತ್ತಾಗುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಮಕ್ಕಳಿಗಾಗಿ ಹೇಳುತ್ತೇನೆ. ಹೊಳೆದಡದ ಗುಡಿಯ ಪಕ್ಕದಲ್ಲೇ ಒಂದು ಹೂವಿನ ತೋಟ. ಆ ತೋಟದ ಮನೆಯವರು ತಲೆಮಾರಿನಿಂದ ಗುಡಿಗೆ ಹೂ ಕೊಡುತ್ತಾರೆ. ಹೂ ಕೇಳುವ ದಿನ ಹಿತ್ತಾಳೆ ತಟ್ಟೆಯಲ್ಲಿ ಎರಡು ಗುಡ್ಡೆ ಸೇವಂತಿಗೆ ಬರುತ್ತದೆ, ಬಲಗಡೆಗೆ ಒಂದು ಗುಡ್ಡೆ, ಎಡಗಡೆಗೆ ಒಂದು ಗುಡ್ಡೆ. ಪೂಜಾರಿ ಗಂಧ ಹಚ್ಚಿ ಅವನ್ನು ಲಿಂಗದ ಎರಡೂ ಕಡೆ ಮೆತ್ತುತ್ತಾರೆ. ಆಮೇಲೆ ಎಲ್ಲರೂ ಕೈಮುಗಿದು ಕೂರುವುದು. ದೇವರ ಬಲದಿಂದ ಮೊದಲು ಹೂ ಬಿದ್ದರೆ ಒಪ್ಪಿಗೆ. ಎಡದಿಂದ ಬಿದ್ದರೆ ಬೇಡ. ಅದರ ಮೇಲೆ ಅಪೀಲಿಲ್ಲ.

ಕೂತೆವು. ಆ ಕಡೆ ಹುಡುಗಿಯ ಮನೆಯವರು, ಈ ಕಡೆ ನಾವು. ಪೂಜಾರಿ ಗಂಗಾಧರಸ್ವಾಮಿಗಳಿಗೆ ಆಗ ಎಂಬತ್ತರ ಹತ್ತಿರ, ಎರಡೂ ಕಣ್ಣಿಗೆ ಪೊರೆ. ಕೈಯಲ್ಲೇ ತಡವಿ ಹೂ ಮೆತ್ತಿದರು. ನಾನು ಬಲಗಡೆಯ ಒಂದು ಹೂವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅದು ಬೀಳಲಿಲ್ಲ. ಎಡಗಡೆಯಿಂದ ಒಂದು ದಪ್ಪ ಸೇವಂತಿಗೆ ಟಪ್ಪನೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಮತ್ತೊಂದು.

ಹುಡುಗಿಯ ಅಪ್ಪ ಎದ್ದು ನಮ್ಮ ಅಪ್ಪನಿಗೆ ಕೈಮುಗಿದರು. ನಮ್ಮ ಅಪ್ಪ ತಿರುಗಿ ಕೈಮುಗಿದರು. ಮುಗಿಯಿತು. ದಿ ಮ್ಯಾರೇಜ್ ಫೆಲ್ ಥ್ರೂ.

ಇಲ್ಲಿಗೆ ನಾನು ತರಗತಿಯಲ್ಲಿ ನಿಲ್ಲಿಸುತ್ತಿದ್ದೆ. ನಿಲ್ಲಿಸಿ, "ಯಾಕೆ ಫೆಲ್ ಥ್ರೂ?" ಎಂದು ಕೇಳುತ್ತಿದ್ದೆ. ನೀವೆಲ್ಲ ಒಂದೇ ದನಿಯಲ್ಲಿ "ಬಿಕಾಸ್ ಗಾಡ್ ಸೆಡ್ ನೋ" ಎನ್ನುತ್ತಿದ್ದಿರಿ. ಈ ಹೆಂಚು ಹಾರಿಹೋಗುವ ಹಾಗೆ ಕೂಗುತ್ತಿದ್ದಿರಿ. ಪರೀಕ್ಷೆಯಲ್ಲೂ ಅದನ್ನೇ ಕೊಡುತ್ತಿದ್ದೆ, ಸುಲಭವಾದ ಎರಡು ಅಂಕ. ಎಲ್ಲರೂ ಬರೆಯುತ್ತಿದ್ದರು. ಎರಡು ಸಾವಿರದ ಒಂಬತ್ತರಲ್ಲಿ ಒಬ್ಬಳು ಮಾತ್ರ ಬೇರೆ ಬರೆದಳು. ಇವತ್ತಿನ ಕಾರ್ಯಕ್ರಮದ ಓಡಾಟವನ್ನೆಲ್ಲ ಹೊತ್ತುಕೊಂಡಿದ್ದಾಳಲ್ಲ ಬಿಂದುಶ್ರೀ, ಅವಳು. ಈಗ ಕಾಲೇಜಿನಲ್ಲಿ ಉಪನ್ಯಾಸಕಿ. ಆಗ ಎರಡು ಜಡೆ ಹಾಕಿಕೊಂಡು ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳು ಬರೆದಿದ್ದಳು: "ದಿ ಮ್ಯಾರೇಜ್ ಫೆಲ್ ಥ್ರೂ ಬಿಕಾಸ್ ದಿ ಗರ್ಲ್ ಡಿಡ್ ನಾಟ್ ಲೈಕ್ ಇಟ್." ನಾನು ಅರ್ಧ ಅಂಕ ಕಳೆದು, ಕೆಂಪು ಶಾಯಿಯಲ್ಲಿ "ಸ್ವಂತ ಕಥೆ ಕಟ್ಟಬಾರದು" ಎಂದು ಬರೆದೆ. ಹುಡುಗಿ ಬಂದು ವಾದ ಮಾಡಿದಳು. "ಸಾ, ಆ ಹುಡ್ಗೀನ ಯಾರಾದ್ರೂ ಕೇಳಿದ್ರಾ ಸಾ?" ನಾನು, "ಹೋಗಿ ಕೂತ್ಕೊಳ್ಳಮ್ಮ, ದೇವ್ರನ್ನೇ ಕೇಳಾಗಿದೆ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ತರಗತಿಯಲ್ಲಿ ಹೇಳದೆ ಬಿಟ್ಟಿದ್ದೂ ಇದೆ. ಎಡಕ್ಕೆ ಹೂ ಬಿದ್ದ ದಿನದಿಂದ ನಮ್ಮ ಅವ್ವ ಅವ್ವನಾಗಿ ಉಳಿಯಲಿಲ್ಲ. "ನಮ್ ಮನೆ ಮ್ಯಾಲೆ ಮಾದಪ್ಪಂಗೆ ಏನೋ ಕ್ವಾಪ ಅದೆ ಕನಪ್ಪಾ. ಏನ್ ತಪ್ಪು ನಡುದ್ಬುಟ್ಟದೋ ಕಾಣೆ" ಎಂದು ಕೂತಲ್ಲಿ ನಿಂತಲ್ಲಿ ಅನ್ನುತ್ತಿದ್ದಳು. ಒಂದು ವರ್ಷ, ಪ್ರತಿ ಸೋಮವಾರ, ಉಪವಾಸ. ಒದ್ದೆ ಸೀರೆಯಲ್ಲಿ ಆ ಗುಡಿಯ ಸುತ್ತ ಮಂಡಿಯ ಮೇಲೆ ಪ್ರದಕ್ಷಿಣೆ. ಅಲ್ಲಿ ಆಗ ಕಲ್ಲು ಹಾಸಿರಲಿಲ್ಲ, ಬರೀ ಗರಸು. ಬೇಡ ಎಂದರೆ ಕೇಳುತ್ತಿರಲಿಲ್ಲ. "ನಿಂಗೆ ಒಳ್ಳೇದಾಗ್ಬೇಕು, ಸುಮ್ನಿರ್ಲಾ" ಅನ್ನುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಅವಳ ಎರಡೂ ಮಂಡಿ ಹೋದವು. ಆಮೇಲೆ ಬದುಕಿದ್ದಷ್ಟು ದಿನವೂ ಗೋಡೆ ಹಿಡಿದೇ ನಡೆದಳು.

ಆ ವರ್ಷ ಕಳೆದ ಮೇಲೆ ಅವ್ವನೇ ನನಗೆ ಹುಡುಗಿ ನೋಡಿದಳು. ಸೋಮವಾರ ಸೋಮವಾರ ಗುಡಿಗೆ ಹೋಗುತ್ತಿದ್ದಳಲ್ಲ, ಅಲ್ಲಿ ಹೂವಿನ ತೋಟದ ಮನೆಯ ಹುಡುಗಿ ಅವಳಿಗೆ ನೀರು ತಂದುಕೊಡುತ್ತಿದ್ದಳಂತೆ, ಮಂಡಿಯ ಗಾಯ ತೊಳೆಯುತ್ತಿದ್ದಳಂತೆ. ಆ ಹುಡುಗಿಯೇ ಶಿವನಂಜಮ್ಮ. ನನ್ನ ಹೆಂಡತಿ. ಎರಡನೇ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದಾಳೆ. ನಮ್ಮಿಬ್ಬರಿಗೂ ಮಾದಪ್ಪನ ಹೂ ಕೇಳಿದೆವು. ಬಲಕ್ಕೆ ಬಿತ್ತು. ಅವ್ವ ಗುಡಿಯಲ್ಲೇ ಗೊಳೋ ಎಂದು ಅತ್ತುಬಿಟ್ಟಳು.

ಶಿವನಂಜಮ್ಮ ನಮ್ಮ ಮನೆಗೆ ಬಂದ ಸಂಜೆಯಿಂದ ಅವ್ವ ತೀರಿಕೊಂಡ ಸಂಜೆಯವರೆಗೆ, ಇಪ್ಪತ್ತೊಂದು ವರ್ಷ, ದಿನಾ ಆ ಮಂಡಿಗಳಿಗೆ ಬಿಸಿ ಹರಳೆಣ್ಣೆ ಹಚ್ಚಿ ನೀವಿದಳು. ಒಂದು ಸಂಜೆಯೂ ತಪ್ಪಿಸಲಿಲ್ಲ. ಗಾನವಿ ಹುಟ್ಟಿ ಬಾಣಂತಿಯಾಗಿದ್ದಾಗಲೂ ಎದ್ದು ಬಂದು ಹಚ್ಚಿದಳು. ಊರಲ್ಲಿ ಹೆಂಗಸರು "ಸೊಸೆ ಅಂದ್ರೆ ಇಂಗಿರ್ಬೇಕು" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಎಷ್ಟು ಒಳ್ಳೆಯವಳು, ಮಾದಪ್ಪ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಟ್ಟ ಎಂದುಕೊಂಡಿದ್ದೆ. ಗಾನವಿಗೂ ಹೂ ಕೇಳಲೇಬೇಕು ಎಂದು ಪಟ್ಟು ಹಿಡಿದದ್ದು ಆ ನಂಬಿಕೆಯಿಂದಲೇ ಎಂದುಕೊಂಡಿದ್ದೆ.

ಈಗ ಸ್ಟಾಫ್ ರೂಮಿಗೆ ಬರುತ್ತೇನೆ.

ಹತ್ತು ದಿನದ ಕೆಳಗೆ ಈ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಕೈಗೆ ಬಂತು. ಮುಖ್ಯ ಅತಿಥಿ ರುದ್ರಾಣಿ ಎಂದಿತ್ತು. ಹೆಮ್ಮಿಗೆಯ ಆ ಹುಡುಗಿಯ ಹೆಸರೂ ಅದೇ. ತನ್ನ ಕಾಲೇಜಿನ ಪ್ರಾಂಶುಪಾಲೆ ಎಂದು ಬಿಂದುಶ್ರೀ ಕರೆದಿದ್ದಳು, ಅವಳಿಗೆ ಬೇರೇನೂ ಗೊತ್ತಿಲ್ಲ. ವಿಚಾರಿಸಿದೆ. ಅವರೇ. ನನಗೆ ನಗು ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, "ನೋಡು, ಫೆಲ್ ಥ್ರೂ ಆದವರೇ ಬರ್ತಾವ್ರೆ." ಅವಳು ಕೈಯಲ್ಲಿದ್ದ ಕಾಫಿ ಲೋಟ ನೆಲಕ್ಕೆ ಬಿಟ್ಟಳು. ಹೊಟ್ಟೆಕಿಚ್ಚು ಎಂದುಕೊಂಡೆ ಸಭಿಕರೇ! ಈ ವಯಸ್ಸಿನಲ್ಲಿ ನನ್ನ ಸಲುವಾಗಿ ಒಬ್ಬ ಹೆಂಗಸಿಗೆ ಹೊಟ್ಟೆಕಿಚ್ಚು ಎಂದು ಒಳಗೊಳಗೇ ಬೀಗಿದೆ!

ಇವತ್ತು ಮೇಡಂ ಬಂದರು. ಉಪ್ಪಿಟ್ಟು ಕೊಟ್ಟೆವು. ಉಳಿದವರೆಲ್ಲ ವೇದಿಕೆಯ ಕೆಲಸಕ್ಕೆ ಎದ್ದುಹೋದ ಮೇಲೆ ಅವರು ತಟ್ಟೆ ಪಕ್ಕಕ್ಕಿಟ್ಟು, "ಮೇಷ್ಟ್ರೇ, ಸೋಮವಾರ ಮಗಳಿಗೆ ಹೂ ಕೇಳ್ತೀರಂತೆ" ಎಂದರು.

"ಹೌದು ಮೇಡಂ. ಮನೆತನದ ಪದ್ಧತಿ."

"ನಮ್ಮಿಬ್ಬರಿಗೂ ಕೇಳಿದ್ರಲ್ಲ, ಆ ಹೂವು ತಾನಾಗಿ ಎಡಕ್ಕೆ ಬೀಳ್ಲಿಲ್ಲ. ಬೀಳೋ ಹಂಗೆ ನಾನು ಮಾಡಿಸ್ದೆ."

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ.

"ನಂಗೆ ಎಂ.ಎ. ಓದಬೇಕಿತ್ತು ಮೇಷ್ಟ್ರೇ. ನಮ್ಮಪ್ಪನ ಎದುರಿಗೆ ನಿಂತು ಬೇಡ ಅನ್ನೋ ಧೈರ್ಯ ಇರ್ಲಿಲ್ಲ. ಮಾದಪ್ಪ ಬೇಡ ಅಂದ್ರೆ ಅಪ್ಪ ಸುಮ್ಮನಾಗ್ತಿದ್ರು. ಅದಕ್ಕೇ ಮಾದಪ್ಪನ ಬಾಯಲ್ಲಿ ಹೇಳಿಸಿಬಿಟ್ಟೆ."

"ಆದ್ರೆ ಅವತ್ತು ನೀವು ತಲೆ ಕೂಡ ಎತ್ತಿರಲಿಲ್ಲ" ಎಂದೆ.

"ನಾಚ್ಕೆ ಅಂದ್ಕೊಂಡ್ರಾ? ಅಳು ತಡ್ಕೊಂಡಿದ್ದೆ. ನೀವು ಕೆಟ್ಟವ್ರು ಅಂತಲ್ಲ. ನಿಜ ಹೇಳ್ಬೇಕು ಅಂದ್ರೆ ನಿಮ್ಮ ಮುಖಾನೂ ನಾನು ಸರಿಯಾಗಿ ನೋಡಿರ್ಲಿಲ್ಲ. ಇವತ್ತೇ ನೋಡ್ತಿರೋದು."

ಸಭಿಕರೇ, ಮೂವತ್ತನಾಲ್ಕು ವರ್ಷ ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ನನ್ನ ಕಥೆಯಲ್ಲಿ ದೇವರು ಇದ್ದ, ಹೂವು ಇತ್ತು, ನಾನು ಇದ್ದೆ. ಆ ಹುಡುಗಿ ಇರಲೇ ಇಲ್ಲ. ಅವಳ ಪಾಲಿನ ಕಥೆಯಲ್ಲಿ ನಾನು ಇರಲಿಲ್ಲ!

ಹೂವನ್ನು ಎಡಕ್ಕೆ ಬೀಳಿಸುವುದು ಹೇಗೆ ಎಂದು ಕೇಳಿದೆ. ಮೇಷ್ಟ್ರ ಬುದ್ಧಿ ನೋಡಿ, ಅಂಥ ಹೊತ್ತಿನಲ್ಲೂ ಪ್ರಶ್ನೆ ಕೇಳುತ್ತದೆ. ಅವರು ಹೇಳಿದರು. ಎಡಗಡೆಯ ಗುಡ್ಡೆಗೆ ರಾತ್ರಿಯೆಲ್ಲ ನೀರಲ್ಲಿ ನೆನೆಸಿದ ದಪ್ಪ ಸೇವಂತಿಗೆ, ಬಲಗಡೆಯ ಗುಡ್ಡೆಗೆ ಆಗಷ್ಟೇ ಬಿರಿದ ಹಗುರಾದ ಸಣ್ಣ ಹೂ. ಅಷ್ಟೆ. ಭಾರವಾದದ್ದು ಮೊದಲು ಬೀಳುತ್ತದೆ. ಕಣ್ಣು ಕಾಣದ ಪೂಜಾರಿ ತಟ್ಟೆಯಲ್ಲಿ ಬಂದದ್ದನ್ನು ಮೆತ್ತುತ್ತಾರೆ.

"ತಟ್ಟೆ ಜೋಡಿಸಿದವರು ಯಾರು?" ಎಂದೆ.

ಮೇಡಂ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಶಿವನಂಜಮ್ಮ ನಿಂತಿದ್ದಳು.

ಉಳಿದದ್ದನ್ನು ಮೇಡಂ ಹೇಳಿದರು. ನಂಜನಗೂಡಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರಂತೆ. ಹೂ ಕೇಳುವ ಹಿಂದಿನ ದಿನ ರುದ್ರಾಣಿ ತೋಟದ ಮನೆಗೆ ಓಡಿಬಂದು ಶಿವನಂಜಮ್ಮನ ಕೈ ಹಿಡಿದುಕೊಂಡು ಅತ್ತರಂತೆ. ಗೆಳತಿಗಾಗಿ ಇವಳು ಮಾಡಿಕೊಟ್ಟಳಂತೆ. ಆಗ ಇವಳಿಗೆ ನಾನು ಯಾರೋ ಏನೋ.

ನಾನು ಎದ್ದು ಹೊರಗೆ ಹೋದೆ. ನೀರಿನ ಟ್ಯಾಂಕಿನ ಹತ್ತಿರ ಅವಳನ್ನು ನಿಲ್ಲಿಸಿ ಕೇಳಿದೆ.

"ಏನೇ ಇದು?"

"ಹೂಂ ಕನ್ರೀ. ನಾನೇಯ."

"ಮೂವತ್ಮೂರು ವರ್ಷ ಜೊತೇಲಿ ಬಾಳಾಟ ಮಾಡಿದ್ದೀವಿ. ಒಂದು ದಿನವಾದ್ರೂ ಹೇಳಬಾರದಿತ್ತಾ?"

"ಏಳಾನ ಅಂತ ಬಾಯ್ ತಗ್ದಾಗೆಲ್ಲ ಅತ್ತೆವ್ವ ಮಂಡಿ ಇಡ್ಕಂಡು ಕೂತಿರರು. ಏನಂತ ಏಳ್ಳಿ? 'ನಿಮ್ ಮಂಡಿ ತಿಂದೋಳು ನಾನೇಯ' ಅಂತ ಏಳ್ಳಾ?"

ಇಪ್ಪತ್ತೊಂದು ವರ್ಷದ ಹರಳೆಣ್ಣೆ ವಾಸನೆ ಒಮ್ಮೆಗೇ ಮೂಗಿಗೆ ಬಡಿದ ಹಾಗಾಯಿತು. ನಾನು ಅದನ್ನು ಸೊಸೆಯ ಪ್ರೀತಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೆ. ಪ್ರೀತಿಯೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ದಿನಾ ಸಂಜೆ ನನ್ನ ಕಣ್ಣೆದುರಿಗೇ ಒಬ್ಬಳು ತಪ್ಪೊಪ್ಪಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಮತ್ತೆ ಇದೆಲ್ಲ ಈಗ್ಯಾಕೆ ಹೊರಗೆ ಬಂತು?" ಎಂದೆ.

"ಸ್ವಾಮಾರಕ್ಕೂ ನಮ್ಮಣ್ಣನ ತೋಟದಿಂದ್ಲೇ ಹೂ ಬರದು. ತಟ್ಟೆ ನೀನೇ ಜೋಡ್ಸವ್ವಾ ಅಂದವ್ನೆ. ನೀವು ನೋಡುದ್ರೆ ಎಡುಕ್ಕೆ ಬಿದ್ರೆ ಮದ್ವೆ ಇಲ್ಲ ಅಂತೀರಿ. ಮಗಿಗೋಸ್ಕರ ಬಲುಗಡೆ ಗುಡ್ಡೆಗೆ ನೆಂದ ಹೂ ಆಕ್ಬುಡಾನ ಅಂತ ನಾಕು ದಿನದಿಂದ ಅದೇ ಯೋಚ್ನೆ. ಕೈ ಬರ್ನಿಲ್ಲ ಕನ್ರೀ. ಒಂದ್ ಸಲ ಮಾಡಿದ್ದೇ ಇನ್ನೂ ತೀರ್ನಿಲ್ಲ. ಅದಕ್ಕೇ ಬ್ಯಾರೆ ದಾರಿ ಕಾಣ್ದೆ ಆಹ್ವಾನ ಪತ್ರಿಕೆ ತಂದೋರ ಕೈಲಿ ನಂಬ್ರ ಈಸ್ಕಂಡು ರುದ್ರಾಣಿಗೆ ಫೋನ್ ಮಾಡ್ದೆ. ನೀನೇ ಏಳ್ಬುಡು, ನಂಗೆ ಬಾಯಿ ಬರಾಕಿಲ್ಲ ಅಂದೆ."

ಆಮೇಲೆ ಒಂದು ಪ್ರಶ್ನೆ ಉಳಿದಿತ್ತು. ಕೇಳಬಾರದಿತ್ತೋ ಏನೋ, ಕೇಳಿಬಿಟ್ಟೆ. "ನಮ್ಮ ಮದುವೆಗೆ ಹೂ ಕೇಳಿದಾಗ? ಅದೂ ನಿಮ್ಮ ತೋಟದ್ದೇ. ಅದು ಬಲಕ್ಕೆ ಬಿತ್ತಲ್ಲ?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಅವತ್ತು ನಾನು ಹೂವ ಮುಟ್ನೇ ಇಲ್ಲ. ತಟ್ಟೆ ಅಣ್ಣನ ಕೈಲಿ ಜೋಡ್ಸಿ, ಕಣ್ ಮುಚ್ಕಂಡು ಕೂತಿದ್ದೆ. ಎಡುಕ್ಕೆ ಬಿದ್ರೆ ನಾನು ಮಾಡುದ್ಕೆ ಸರಿಯಾಯ್ತು ಅಂದ್ಕಂಡು. ಮದ್ವೆ ಆಗ್ಬೇಕು ಅಂತ್ಲೂ ಇತ್ತು ಕನ್ರೀ. ಅದಕ್ಕೇ ಮುಟ್ಟಕ್ಕೆ ಭಯ ಆಯ್ತು."

ಇಷ್ಟು ಹೊತ್ತಿಗೆ ಭಾನುಪ್ರಿಯಾ ಮೇಡಂ ಬಂದು, "ಸರ್, ಪ್ರಾರ್ಥನೆ ಶುರುವಾಯ್ತು, ಬನ್ನಿ" ಎಂದರು. ಬಂದೆ. ಹಾರ ಹಾಕಿಸಿಕೊಂಡೆ. ಪೇಟ ಹಾಕಿಸಿಕೊಂಡೆ. ಆ ಹಾರದ ಹೂವೂ ಸೇವಂತಿಗೆಯೇ.

ಕುರ್ಚಿಯಲ್ಲಿ ಕೂತು ನೀವು ನನ್ನನ್ನು ಹೊಗಳುತ್ತಿದ್ದಾಗ ನಾನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ, ಕ್ಷಮಿಸಿ. ಒಬ್ಬೊಬ್ಬರ ಮೇಲೂ ಸಿಟ್ಟು ಮಾಡಿಕೊಳ್ಳಲು ನೋಡಿದೆ. ರುದ್ರಾಣಿ ಮೇಡಂ ಮೇಲೆ ಮಾಡಿಕೊಳ್ಳಲು ನೋಡಿದೆ. ಇಪ್ಪತ್ತೊಂದು ವರ್ಷದ ಹುಡುಗಿ, ಬೇಡ ಎನ್ನಲು ಬಾಯಿಲ್ಲದೆ ದೇವರ ಬಾಯಿ ಎರವಲು ಪಡೆದಳು. ಹೆಂಡತಿಯ ಮೇಲೆ ಮಾಡಿಕೊಳ್ಳಲು ನೋಡಿದೆ. ಅವ್ವನ ಮಂಡಿಯ ವಿಷಯದಲ್ಲಿ ನಾನು ಯಾರನ್ನೂ ಕ್ಷಮಿಸಲಾರೆ, ಏಕೆಂದರೆ ಆ ಅಧಿಕಾರ ಅವ್ವನದು, ನನ್ನದಲ್ಲ. ಅದು ಹಾಗೇ ಇರುತ್ತದೆ. ಅದನ್ನು ಇವತ್ತು ಈ ವೇದಿಕೆಯಲ್ಲಿ ಸರಿ ಮಾಡುತ್ತೇನೆ ಎಂದು ನಾನು ಹೇಳುವುದಿಲ್ಲ.

ಹೀಗೆ ಒಬ್ಬೊಬ್ಬರನ್ನೇ ನೋಡುತ್ತಾ ನೋಡುತ್ತಾ ನನ್ನ ಹತ್ತಿರಕ್ಕೆ ಬಂದೆ. ನೀವು ನಂಬುತ್ತೀರೋ ಇಲ್ಲವೋ, ಇವತ್ತು ಕೇಳಿದ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿ.

ಗಾನವಿ ಒಪ್ಪಿರುವ ಹುಡುಗ ಯಾರು? ಮದನ್. ಇದೇ ಶಾಲೆಯವನು. ನರಸೀಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ವರ್ಕ್‌ಶಾಪ್ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಅರ್ಧ ಗಂಟೆಯ ಹಿಂದೆ ಕರೆಂಟು ಹೋಯಿತಲ್ಲ, ಹೊರಗೆ ಗುಡುಗುಡು ಎನ್ನುತ್ತಿರುವ ಜನರೇಟರ್ ಅವನೇ ತಂದು ಹಚ್ಚಿದ್ದು. ನನ್ನ ಈ ಮಾತು ನಿಮ್ಮ ಕಿವಿಗೆ ಬೀಳುತ್ತಿರುವುದೇ ಅವನಿಂದ. ಆದರೆ ನನ್ನ ವಿಷಯದಲ್ಲಿ, ಇಂಗ್ಲಿಷಿನಲ್ಲಿ, ಎರಡು ಸಲ ನಪಾಸಾದವನು. ಒಂದು ಸಲ ಹನ್ನೊಂದು ಅಂಕ, ಇನ್ನೊಂದು ಸಲ ಹದಿನಾಲ್ಕು. ಇಂಗ್ಲಿಷ್ ಮೇಷ್ಟ್ರ ಅಳಿಯ ಇಂಗ್ಲಿಷಿನಲ್ಲಿ ನಪಾಸು ಎಂದು ಜನ ಆಡಿಕೊಳ್ಳುವುದಿಲ್ಲವೇ? ಈ ಮಾತನ್ನು ಮಗಳ ಮುಖ ನೋಡಿ ಹೇಳಲು ನನಗೆ ನಾಚಿಕೆ. ಹೇಳಿದರೆ ಅವಳು ನಗುತ್ತಾಳೆ. ಅದಕ್ಕೆ ನಾನೇನು ಮಾಡಿದೆ? "ಮಾದಪ್ಪನ ಹೂ ಕೇಳೋಣಮ್ಮ, ಮನೆತನದ ಪದ್ಧತಿ" ಎಂದೆ. ಎಂದು, ಎಡಕ್ಕೆ ಬೀಳಲಿ ಎಂದು ನಾಲ್ಕು ದಿನದಿಂದ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಇಲ್ಲಿಯವರೆಗೆ ಇದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಈಗ ಮೈಕಿನಲ್ಲಿ ಹೇಳಿಬಿಟ್ಟೆ.

ಆ ಕಾಲದ ಹುಡುಗಿಗಾದರೂ ಅಪ್ಪನ ಭಯವಿತ್ತು. ಅರವತ್ತು ತುಂಬಿದ ನನಗೆ ಯಾರ ಭಯ? ಹೂ ಎಡಕ್ಕೆ ಬಿದ್ದಿದ್ದರೆ ನಾನು ಕೈಮುಗಿದು, ಮುಖ ಸಣ್ಣದು ಮಾಡಿಕೊಂಡು, "ಏನು ಮಾಡೋದಮ್ಮ, ದಿ ಮ್ಯಾರೇಜ್ ಫೆಲ್ ಥ್ರೂ" ಎನ್ನುತ್ತಿದ್ದೆ. ಯಾರು ಕೆಡಿಸಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಇದು ಬಹಳ ಮರ್ಯಾದಸ್ಥ ಮಾತು ಎಂದು ನಿಮಗೆ ಕಲಿಸಿದೆನಲ್ಲ ಮಕ್ಕಳೇ, ಅದನ್ನು ಇನ್ನೊಂದು ಸಲ ಯೋಚಿಸಿ ಬರೆದುಕೊಳ್ಳಿ. ಯಾರಾದರೂ ನಿಮ್ಮ ಮುಂದೆ ಆ ಮಾತನ್ನು ಹೇಳಿದರೆ, ಸುಮ್ಮನೆ ತಲೆಯಾಡಿಸಬೇಡಿ. "ಆ ಹುಡ್ಗೀನ ಯಾರಾದ್ರೂ ಕೇಳಿದ್ರಾ ಸಾ?" ಎಂದು ಕೇಳಿ. ಬಿಂದುಶ್ರೀ ಕೇಳಿದ ಹಾಗೆ ಕೇಳಿ.

ಬಿಂದುಶ್ರೀ, ಎರಡು ಸಾವಿರದ ಒಂಬತ್ತನೇ ಇಸವಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಳೆದ ನಿನ್ನ ಅರ್ಧ ಅಂಕವನ್ನು ಈ ಸಭೆಯ ಮುಂದೆ ನಿನಗೆ ವಾಪಸ್ ಕೊಡುತ್ತಿದ್ದೇನೆ. ನಿನ್ನ ಉತ್ತರ ಸರಿ. ನನ್ನ ಪ್ರಶ್ನೆಪತ್ರಿಕೆಯೇ ತಪ್ಪು.

ಗಾನವಿ, ಎದ್ದು ಹೋಗಬೇಡಮ್ಮ, ಇನ್ನೆರಡು ಮಾತು. ಸೋಮವಾರ ನಾವು ಹೂ ಕೇಳುವುದಿಲ್ಲ. ನಿನ್ನನ್ನು ಕೇಳುತ್ತೇನೆ, ಮನೆಯಲ್ಲಿ, ನೀನು ಮಾತು ಬಿಟ್ಟದ್ದನ್ನು ಬಿಟ್ಟ ಮೇಲೆ. ಮದನನ ಹನ್ನೊಂದು ಅಂಕದ ಬಗ್ಗೆ ನನಗಿರುವ ಬೇಸರವನ್ನೂ ನೇರವಾಗಿ ಹೇಳುತ್ತೇನೆ. ನೀನು ಬೇಕಾದಷ್ಟು ನಗು. ಆಮೇಲೆ ನೀನು ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ.

ಗುಡಿಗೆ ಹೋಗುವುದನ್ನು ಬಿಡುವುದಿಲ್ಲ. ಮಾದಪ್ಪನ ತಪ್ಪು ಇದರಲ್ಲಿ ಏನಿದೆ? ಪಾಪ, ಎಲ್ಲರೂ ತಮ್ಮ ಬಾಯನ್ನು ಅವನ ಬಾಯಿಗೆ ಅಂಟಿಸಿದೆವು. ಶಿವನಂಜಮ್ಮ, ನಿನ್ನ ಅಣ್ಣನ ತೋಟದ ಹೂ ಹಾಗೇ ಬರಲಿ. ತಟ್ಟೆಯಲ್ಲಿ ಎರಡು ಗುಡ್ಡೆ ಮಾಡಬೇಡ. ದಪ್ಪ ಹೂ, ಸಣ್ಣ ಹೂ, ಎಲ್ಲವನ್ನೂ ಬೆರೆಸಿ ಒಂದೇ ಹಾರ ಕಟ್ಟು. ನಾನೂ ಪಕ್ಕದಲ್ಲಿ ಕೂತು ದಾರ ಹಿಡಿಯುತ್ತೇನೆ. ಕಟ್ಟಿದ ಹಾರದಿಂದ ಹೂ ಎಡಕ್ಕೂ ಬೀಳುವುದಿಲ್ಲ, ಬಲಕ್ಕೂ ಬೀಳುವುದಿಲ್ಲ.

ನಿಜ ಹೇಳಲು ಇಷ್ಟು ದೂರ ಬಂದ ರುದ್ರಾಣಿ ಮೇಡಂ ಅವರಿಗೆ, ಉಪ್ಪಿಟ್ಟು ಮಾಡಿದವರಿಗೆ, ಜನರೇಟರ್ ಹಚ್ಚಿದವನಿಗೆ, ಬೀಳ್ಕೊಡುಗೆ ಎಂದು ಕರೆಸಿಕೊಂಡು ಇಷ್ಟೆಲ್ಲವನ್ನೂ ಕೇಳಬೇಕಾಗಿ ಬಂದ ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆ. ಜೇಬಿನಲ್ಲಿರುವ ನಾಲ್ಕು ಹಾಳೆ ಬೇಕಾದವರು ಆಮೇಲೆ ಬಂದು ತೆಗೆದುಕೊಳ್ಳಿ, ಅದರಲ್ಲಿ ಕಾಗುಣಿತ ಚೆನ್ನಾಗಿದೆ.

ಇಗೋ, ಪೇಟ ತೆಗೆದು, ನಿಮ್ಮ ಮುಖಗಳನ್ನು ನೆಟ್ಟಗೆ ನೋಡಿಯೇ ಕೈಮುಗಿಯುತ್ತಿದ್ದೇನೆ. ನಮಸ್ಕಾರ.